ಮಡಗಾಸ್ಕರದ ಅರಿಯಾರಿ

ನಮ್ಮ ದೇಶದಲ್ಲಿ ಆಣೆಯ ಲೆಕ್ಕವು ಕಾನೂನಿನ ಪ್ರಕಾರ ಮುಗಿದುದು 1957ನೆಯ ಇಸವಿ ಏಪ್ರಿಲ್ 1ನೆಯ ತಾರೀಖಿನಂದು. ಅಂದಿನಿಂದ ರೂಪಾಯಿಗೆ ಹದಿನಾರು ಆಣೆಗಳು ಹೋಗಿ ನೂರು ಪೈಸೆಗಳು ಬಂದುವು. ಆದರೆ ಆಣೆಯು ಕಾನೂನಿನ ಪುಸ್ತಕವನ್ನು ಬಿಟ್ಟು ಹೋಯಿತೇ ಹೊರತು ನಮ್ಮ ಮನೆಗಳನ್ನು ಬಿಟ್ಟು ಹೋಗಲಿಲ್ಲ. ಇಪ್ಪತ್ತೈದು ಪೈಸೆಯ ಬಿಲ್ಲೆಯನ್ನು ನಾವು ನಾಲ್ಕಾಣೆಯೆಂದೇ ಕರೆದೆವು; ಐವತ್ತು ಪೈಸೆಯ ಬಿಲ್ಲೆಯು ನಮಗೆ ಎಂಟಾಣೆಯಾಗಿಯೇ ಉಳಿಯಿತು. 2011ರಲ್ಲಿ ಆ ನಾಲ್ಕಾಣೆಯ ಬಿಲ್ಲೆಯೂ ಚಲಾವಣೆಯಿಂದ ಹೋಯಿತು. ಹಾಗಿದ್ದರೂ ಒಂದು ಮಾತಿನಲ್ಲಿ ಸುಳ್ಳಿನ ಬೆರಕೆ ಎಳ್ಳಷ್ಟೂ ಇಲ್ಲವೆಂದು ಹೇಳಬೇಕಾದಾಗ ನಮ್ಮ ಹಿರಿಯರು ಇಂದಿಗೂ ಅದನ್ನು ಹದಿನಾರಾಣೆ ನಿಜವೆನ್ನುವರು. ನೂರು ಪೈಸೆ ನಿಜವೆಂದು ಯಾರೂ ಹೇಳಿದುದನ್ನು ನಾವು ಕೇಳಿಲ್ಲ.

ಸರಕಾರವು ನಾಣ್ಯವನ್ನು ಒಂದು ದಿನದಲ್ಲಿ ಬದಲಾಯಿಸಬಲ್ಲುದು. ನಾಲಗೆಯನ್ನು ಬದಲಾಯಿಸುವುದಕ್ಕೆ ತಲೆಮಾರುಗಳು ಬೇಕು. ಈ ಮಾತಿಗೆ ಆಣೆಗಿಂತಲೂ ವಿಚಿತ್ರವಾದ ನಿದರ್ಶನವೊಂದು ಮಡಗಾಸ್ಕರ ದ್ವೀಪದಲ್ಲಿದೆ. ಅಲ್ಲಿಯ ನಾಣ್ಯದ ಹೆಸರು ಅರಿಯಾರಿ. ಆ ಹೆಸರು ಹೇಗೆ ಬಂದಿತು, ಹೇಗೆ ಹೋಯಿತು, ಹೋದರೂ ಜನರ ಬಾಯಲ್ಲಿ ಹೇಗೆ ಬದುಕಿತು, ಮರಳಿ ಪಟ್ಟಕ್ಕೆ ಬಂದಮೇಲೆ ಅದಕ್ಕೆ ಏನಾಯಿತು ಎಂಬುದನ್ನು ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶವಾಗಿದೆ.

ಆ ದ್ವೀಪವೂ ಅದರ ಜನರೂ

ಮಡಗಾಸ್ಕರವು ಆಫ್ರಿಕ ಖಂಡದ ಪೂರ್ವಕ್ಕೆ, ಸುಮಾರು 400 ಕಿಲೋಮೀಟರು ಅಗಲದ ಕಡಲನ್ನು ದಾಟಿದರೆ ಸಿಕ್ಕುವ ದೊಡ್ಡ ದ್ವೀಪ. ವಿಸ್ತಾರದಲ್ಲಿ ಅದು ನಮ್ಮ ಕರ್ನಾಟಕದ ಮೂರರಷ್ಟಿದೆ. ಆಫ್ರಿಕಕ್ಕೆ ಇಷ್ಟು ಸಮೀಪವಾಗಿದ್ದರೂ ಅಲ್ಲಿಯ ಮಲಗಾಸಿ ಭಾಷೆಯು ಆಫ್ರಿಕದ್ದಲ್ಲ. ಹಿಂದೂ ಮಹಾಸಾಗರದ ಆಚೆಯ ದಡದಲ್ಲಿರುವ ಬೋರ್ನಿಯೋ ದ್ವೀಪದ ಭಾಷೆಗಳು ಅದರ ಅತಿ ಸಮೀಪದ ಬಂಧುಗಳು. ಪೂರ್ವಕಾಲದಲ್ಲಿ ಆ ಕಡೆಯಿಂದ ದೋಣಿಗಳಲ್ಲಿ ಬಂದ ಜನರೂ ಆಫ್ರಿಕದಿಂದ ಬಂದವರೂ ಸೇರಿ ಅಲ್ಲಿಯ ಜನಾಂಗವು ಆಯಿತು. ಅವರ ಮುಖ್ಯವಾದ ಆಹಾರವು ನಮ್ಮಂತೆಯೇ ಅಕ್ಕಿ. ದ್ವೀಪದ ನಡುವಿನ ಎತ್ತರದ ನೆಲದಲ್ಲಿ, ಬೆಟ್ಟಗಳ ಇಳಿಜಾರಿನಲ್ಲಿಯೂ ಕಣಿವೆಗಳಲ್ಲಿಯೂ, ಗದ್ದೆಗಳು ಹಸುರಾಗಿ ಹಾಸಿಕೊಂಡಿರುವುವು. ಮೆರಿನ ಎಂಬ ಜನರ ರಾಜ್ಯವು ಬೆಳೆದುದು ಅಲ್ಲಿಯೇ. ದೇಶದ ರಾಜಧಾನಿಯಾದ ಅಂಟನನರಿವೋ ಪಟ್ಟಣವೂ ಅಲ್ಲಿಯೇ ಇದೆ.

ಅಕ್ಕಿಗೆ ಅವರ ಭಾಷೆಯಲ್ಲಿ 'ವಾರಿ' ಎಂದು ಹೆಸರು. ಹಣಕ್ಕೆ 'ವುಲ' ಎನ್ನುವರು. ಆ ಮಾತಿಗೇ ಬೆಳ್ಳಿ ಎಂಬ ಅರ್ಥವೂ ಇದೆ. ಬೆಳ್ಳಿಯನ್ನು ವಿಂಗಡಿಸಿ ಹೇಳಬೇಕಾದರೆ 'ಬಿಳಿಯ ವುಲ' ಎಂದೂ, ಚಿನ್ನವನ್ನು 'ಕೆಂಪು ವುಲ' ಎಂದೂ ಹೇಳುವರು. ಇದನ್ನು ಕೇಳಿ ನಾವು ಆಶ್ಚರ್ಯಪಡಬೇಕಾದುದಿಲ್ಲ. ನಮ್ಮ ರೂಪಾಯಿಯೂ ಸಂಸ್ಕೃತದ 'ರೂಪ್ಯ'ದಿಂದ, ಎಂದರೆ ಬೆಳ್ಳಿಯಿಂದ, ಹೆಸರನ್ನು ಪಡೆದುದೇ ಅಲ್ಲವೆ? ಲೋಹವೇ ಹಣವಾಗಿದ್ದ ಕಾಲದ ಗುರುತು ಎರಡು ದೇಶಗಳ ಮಾತಿನಲ್ಲಿಯೂ ಉಳಿದಿದೆ.

ಬೆಳ್ಳಿಯು ಬಂದ ದಾರಿ

ಬೆಳ್ಳಿಯೇ ಹಣವೆಂದು ಎಣಿಸಿದ ಈ ಜನರಿಗೆ ಸ್ವಂತ ಟಂಕಸಾಲೆಯು ಇರಲಿಲ್ಲ. ಅವರ ಕೈಗೆ ಬಂದ ನಾಣ್ಯವೆಲ್ಲ ಹೊರಗಿನಿಂದ ಹಡಗಿನಲ್ಲಿ ಬಂದುದು. ಸ್ಪೇನಿನ ಅರಸರು ಅಮೇರಿಕದ ಗಣಿಗಳ ಬೆಳ್ಳಿಯಿಂದ ಹೊಡೆಯಿಸಿದ ದೊಡ್ಡ ನಾಣ್ಯವು ಆ ಕಾಲದಲ್ಲಿ ಲೋಕವನ್ನೆಲ್ಲ ಸುತ್ತುತ್ತಿದ್ದಿತು. ಸ್ಪೇನಿನ ಭಾಷೆಯಲ್ಲಿ 'ರೆಯಾಲ್' ಎಂದರೆ ರಾಜನದು, ರಾಜಮುದ್ರೆಯುಳ್ಳದ್ದು ಎಂದರ್ಥ. ಅರಬ್ಬಿ ವರ್ತಕರು ಆ ಮಾತನ್ನು 'ರಿಯಾಲ್' ಎಂದು ಮಾಡಿಕೊಂಡರು. ಅದೇ ಮಾತು ಮಲಗಾಸಿ ನಾಲಗೆಯ ಮೇಲೆ ಅರಿಯಾರಿಯಾಯಿತೆಂದು ವಿದ್ವಾಂಸರು ಹೇಳುತ್ತಾರೆ. ನಮ್ಮ ಕರಾವಳಿಯ ಮನೆಗಳಿಗೆ ಈ ಮಾತು ಹೊಸದಲ್ಲ. ಸೌದಿ ಅರೇಬಿಯ, ಒಮಾನ್, ಕತಾರ್ ದೇಶಗಳಲ್ಲಿ ದುಡಿಯುವ ಮಕ್ಕಳು ಮಂಗಳೂರು, ಉಡುಪಿ, ಭಟ್ಕಳಗಳ ಕಡೆಗೆ ಉಳಿಸಿ ಕಳುಹಿಸುವ ರಿಯಾಲೂ ಮಡಗಾಸ್ಕರದ ರೈತನ ಅರಿಯಾರಿಯೂ ಒಂದೇ ಮಾತಿನ ಮಕ್ಕಳು.

ಆದರೆ ಆ ಬೆಳ್ಳಿಯು ಯಾವ ಸರಕಿಗೆ ಬದಲಾಗಿ ಬಂದಿತೆಂಬುದನ್ನು ಮುಚ್ಚಿಡಬಾರದು. ಅಕ್ಕಿಯೂ ದನಗಳೂ ಹೊರಕ್ಕೆ ಹೋಗುತ್ತಿದ್ದುದು ನಿಜವೇ. ಆದರೆ ಹದಿನೆಂಟನೆಯ ಶತಮಾನದಲ್ಲಿ ಒಳನಾಡಿಗೆ ಬಂದ ಬೆಳ್ಳಿಯ ದೊಡ್ಡ ಪಾಲು ಮನುಷ್ಯರನ್ನು ಮಾರಿ ಬಂದುದು. ಸಮೀಪದ ಮಾರಿಷಸ್, ರಿಯೂನಿಯನ್ ದ್ವೀಪಗಳ ತೋಟಗಳಿಗೆ ಗುಲಾಮರು ಬೇಕಾಗಿದ್ದರು. ಯುದ್ಧದಲ್ಲಿ ಸೆರೆಸಿಕ್ಕವರನ್ನು ಕರಾವಳಿಗೆ ನಡೆಯಿಸಿಕೊಂಡು ಹೋಗಿ ಬೆಳ್ಳಿಗೆ ಮಾರುತ್ತಿದ್ದರು. 1817ರ ಅಕ್ಟೋಬರಿನಲ್ಲಿ ಮೆರಿನ ದೊರೆಯಾದ ಮೊದಲನೆಯ ರಾದಾಮನು ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡು ಗುಲಾಮರನ್ನು ಹೊರದೇಶಕ್ಕೆ ಮಾರುವುದನ್ನು ನಿಷೇಧಿಸಿದನು. ಅದರಿಂದಾಗುವ ನಷ್ಟಕ್ಕಾಗಿ ಪ್ರತಿ ವರ್ಷವೂ ಚಿನ್ನದಲ್ಲಿ 1,000 ಡಾಲರು, ಬೆಳ್ಳಿಯಲ್ಲಿ 1,000 ಡಾಲರು, ಅದರೊಂದಿಗೆ ಬಂದೂಕು ಮತ್ತು ಮದ್ದುಗಳನ್ನು ಕೊಡುವುದಾಗಿ ಇಂಗ್ಲಿಷರು ಒಪ್ಪಿದರು. ಮನುಷ್ಯರ ಮಾರಾಟವನ್ನು ನಿಲ್ಲಿಸುವ ಕರಾರನ್ನು ಸಹ ಅರಿಯಾರಿಯ ಲೆಕ್ಕದಲ್ಲಿಯೇ ಬರೆಯಬೇಕಾಯಿತು.

ಕತ್ತರಿಸಿದ ನಾಣ್ಯ

ಒಂದು ಅರಿಯಾರಿಯೆಂದರೆ ಸುಮಾರು ಎರಡೂಕಾಲು ತೊಲದಷ್ಟು ತೂಗುವ ಬೆಳ್ಳಿಯ ಬಿಲ್ಲೆ. ಅಷ್ಟು ದೊಡ್ಡ ನಾಣ್ಯವನ್ನು ಕೊಟ್ಟು ಸಂತೆಯಲ್ಲಿ ಒಂದು ಹಿಡಿ ಸೊಪ್ಪನ್ನು ಕೊಳ್ಳುವುದು ಹೇಗೆ? ಚಿಲ್ಲರೆಯ ನಾಣ್ಯವಂತೂ ಇರಲಿಲ್ಲ. ಆದಕಾರಣ ಅವರು ದೊಡ್ಡ ಬಿಲ್ಲೆಯನ್ನೇ ಉಳಿಯಿಂದ ತುಂಡು ತುಂಡಾಗಿ ಕತ್ತರಿಸಿ, ತುಂಡುಗಳನ್ನು ತೂಗಿ ಕೊಡುವ ಪದ್ಧತಿಯನ್ನು ಮಾಡಿಕೊಂಡರು. ಸಂತೆಗೆ ಹೋಗುವವನ ಸಂಗಡ ಬೆಳ್ಳಿಯ ಚೂರುಗಳ ಗಂಟು, ಸಣ್ಣದೊಂದು ತಕ್ಕಡಿ, ಕಬ್ಬಿಣದ ಬೊಟ್ಟುಗಳು ಇರುತ್ತಿದ್ದುವು. ಕೊಳ್ಳುವವನು ತೂಗಿದುದನ್ನು ಮಾರುವವನು ತನ್ನ ತಕ್ಕಡಿಯಲ್ಲಿ ಮತ್ತೊಮ್ಮೆ ತೂಗಿ ನೋಡುವನು. ನಮ್ಮ ಅಕ್ಕಸಾಲಿಗರ ಅಂಗಡಿಯಲ್ಲಿ ಮಾತ್ರ ಕಾಣುವ ಸೂಕ್ಷ್ಮವಾದ ತೂಕವು ಅಲ್ಲಿ ಸೊಪ್ಪು ಕೊಳ್ಳುವಲ್ಲಿಯೂ ಬೇಕಾಗಿದ್ದಿತು.

ಆ ತೂಕಗಳ ಹೆಸರುಗಳನ್ನು ಇಲ್ಲಿ ಹೇಳುತ್ತೇವೆ. ರೋಮನ್ ಲಿಪಿಯಲ್ಲಿ ಮಲಗಾಸಿ ಭಾಷೆಯನ್ನು ಬರೆಯುವಾಗ 'ಓ' ಎಂಬ ಅಕ್ಷರವನ್ನು 'ಉ' ಎಂದು ಉಚ್ಚರಿಸುವ ರೂಢಿಯಿರುವುದರಿಂದ, ನಾವು ಇವನ್ನು ಉಚ್ಚಾರಕ್ಕೆ ಅನುಸಾರವಾಗಿ ಬರೆದಿದ್ದೇವೆ. ಅರಿಯಾರಿಯ ಅರ್ಧಕ್ಕೆ ಲೂಸು. ಕಾಲು ಭಾಗಕ್ಕೆ ಕಿರೂಬು. ಎಂಟನೆಯ ಒಂದಕ್ಕೆ ಸಿಕಾಜಿ. ಇಪ್ಪತ್ತನಾಲ್ಕನೆಯ ಒಂದಕ್ಕೆ ವುವಮೇನ. ಹೀಗೆ ಇಳಿದು ಇಳಿದು ಕಡೆಗೆ ಉಳಿಯುವುದು ವಾರಿರೈವೆಂತಿ, ಎಂದರೆ ಭತ್ತದ ಒಂದು ಕಾಳು. ಅದು ಅರಿಯಾರಿಯ 720ನೆಯ ಒಂದು ಭಾಗ. ಒಂದು ವುವಮೇನಕ್ಕೆ ಮೂವತ್ತು ಕಾಳು, ಸಿಕಾಜಿಗೆ ತೊಂಬತ್ತು ಕಾಳು, ಕಿರೂಬಿಗೆ ನೂರೆಂಬತ್ತು ಕಾಳು ಎಂಬುದು ಅವರ ಮಗ್ಗಿ. ಏಳು ಕಾಳಿನ ತೂಕಕ್ಕೂ ಬೇರೆಯದೇ ಒಂದು ಹೆಸರಿದ್ದಿತು.

ವುವಮೇನವೆಂದರೆ ಕೆಂಪು ಬೀಜ. ಈ ಹೆಸರನ್ನು ಕೇಳಿದೊಡನೆ ನಮ್ಮವರಿಗೆ ಗುಲಗಂಜಿಯ ನೆನಪಾಗದೆ ಇರದು. ಆದರೆ ಹೆಸರು ಒಂದೇ ಬಗೆಯದಾದರೂ ತೂಕ ಒಂದಲ್ಲ. ಒಂದು ವುವಮೇನಕ್ಕೆ ನಮ್ಮ ಎಂಟೊಂಬತ್ತು ಗುಲಗಂಜಿಗಳು ಬೇಕು. ಬೀಜದಿಂದಲೂ ಕಾಳಿನಿಂದಲೂ ಲೋಹವನ್ನು ಅಳೆಯುವ ಯೋಚನೆಯು ಮಾತ್ರ ಸಾಗರದ ಎರಡು ಕಡೆಗಳಲ್ಲಿಯೂ ಒಂದೇ. ಬೇಸಾಯ ಮಾಡುವವನಿಗೆ ಎಲ್ಲೆಲ್ಲಿಯೂ ಒಂದೇ ತೂಕವಾಗಿ ಸಿಕ್ಕುವ ವಸ್ತುವು ಕಾಳಿಗಿಂತ ಬೇರೆ ಯಾವುದಿದೆ?

ತೂಕದ ವ್ಯವಹಾರದಲ್ಲಿ ಮೋಸವು ಸುಲಭ. 1787ರ ಸುಮಾರಿನಿಂದ 1810ರ ವರೆಗೆ ಆಳಿದ ಆಂಡ್ರಿಯಾನಂಪುಯಿನಿಮೆರಿನನೆಂಬ ದೊರೆಯು ಇದನ್ನು ಅರಿತು ತೂಕಗಳನ್ನೂ ಅಳತೆಗಳನ್ನೂ ರಾಜ್ಯಕ್ಕೆಲ್ಲ ಒಂದೇ ಮಾಡಿದನು. ವಾರದ ಒಂದೊಂದು ದಿನಕ್ಕೆ ಒಂದೊಂದು ಎಡೆಯಲ್ಲಿ ಸಂತೆಯು ಸೇರುವಂತೆ ವ್ಯವಸ್ಥೆ ಮಾಡಿದನು. ಆ ಸಂತೆಗಳಿಂದ ಊರುಗಳಿಗೆ ವಾರಗಳ ಹೆಸರೇ ನಿಂತಿತು. ರಾಜಧಾನಿಯ ಬಳಿ 'ಸಬೂತ್ಸಿ' ಎಂದರೆ ಶನಿವಾರದ ಹೆಸರಿನ ಊರಿದೆ. 'ತಲಾತ' ಎಂದರೆ ಮಂಗಳವಾರದ ಹೆಸರಿನ ಊರಿದೆ. ರಾಜಧಾನಿಯ ಶುಕ್ರವಾರದ ದೊಡ್ಡ ಸಂತೆಗೆ ಶುಕ್ರವಾರವೆಂದೇ ಹೆಸರಾಗಿದ್ದಿತು. ಕೊಡಗಿನ ಶನಿವಾರಸಂತೆಯನ್ನೂ ಸೋಮವಾರಪೇಟೆಯನ್ನೂ ಬಲ್ಲ ನಮಗೆ ಇದನ್ನು ವಿವರಿಸಿ ಹೇಳುವ ಅಗತ್ಯವಿಲ್ಲ.

ಒಡೆಯದ ನಾಣ್ಯ

ಪ್ರಜೆಗಳೆಲ್ಲ ಕತ್ತರಿಸಿದ ಬೆಳ್ಳಿಯಿಂದ ವ್ಯವಹರಿಸುತ್ತಿದ್ದ ಆ ನಾಡಿನಲ್ಲಿ ಕತ್ತರಿಸಬಾರದ ನಾಣ್ಯವೊಂದಿದ್ದಿತು. ಅದು ದೊರೆಗೆ ಒಪ್ಪಿಸುವ ಕಾಣಿಕೆ. ಅದಕ್ಕೆ 'ಹಾಸಿನ' ಎಂದು ಹೆಸರು. ಹಾಸಿನವೆಂದರೆ ಭೂಮಿಗೂ ಹಿರಿಯರಿಗೂ ಅರಸನಿಗೂ ಇರುವ ಪವಿತ್ರವಾದ ಶಕ್ತಿ. ಆ ಶಕ್ತಿಗೆ ತಲೆಬಾಗಿ ಕೊಡುವ ಕಾಣಿಕೆಗೂ ಅದೇ ಹೆಸರು. ಆ ಕಾಣಿಕೆಯು 'ವುಲ ತ್ಸಿ ವಾಕಿ', ಎಂದರೆ ಒಡೆಯದ ಹಣ, ಆಗಿರಬೇಕು. ಇಡಿಯಾದ ಒಂದು ಅರಿಯಾರಿಯನ್ನು ಒಪ್ಪಿಸುವುದೆಂದರೆ, ಈ ರಾಜ್ಯವು ಇಡಿಯಾಗಿದೆ, ಇದರ ಒಡೆತನವು ನಿನ್ನದು, ನಾವು ನಿನ್ನವರು ಎಂದು ಹೇಳಿದಂತೆ. ವರ್ಷಕ್ಕೊಮ್ಮೆ ನಡೆಯುವ ರಾಜಸ್ನಾನದ ಹಬ್ಬದಲ್ಲಿ ಅಧಿಕಾರಿಗಳೂ ಪ್ರಜೆಗಳೂ ಈ ಕಾಣಿಕೆಯನ್ನು ಸಲ್ಲಿಸುತ್ತಿದ್ದರು. ದರ್ಶನಕ್ಕೆ ಬಂದ ಪರದೇಶದವರೂ ಸಲ್ಲಿಸುತ್ತಿದ್ದರು. ಪರದೇಶದ ಅರಸನ ಮುಖವನ್ನು ಹೊತ್ತ ನಾಣ್ಯವೇ ಸ್ವದೇಶದ ಸ್ವಾತಂತ್ರ್ಯದ ಗುರುತಾಗಿ ಸಿಂಹಾಸನದ ಮುಂದೆ ಬೀಳುತ್ತಿದ್ದಿತು. ನಾಣ್ಯವು ಯಾರ ಟಂಕಸಾಲೆಯಿಂದ ಬಂದುದೆಂಬುದನ್ನು ಅವರು ಕೇಳಲಿಲ್ಲ. ಹೆಸರು ತಮ್ಮದು, ಅದಕ್ಕೆ ಕೊಟ್ಟ ಅರ್ಥವು ತಮ್ಮದು ಎಂಬುದೇ ಅವರಿಗೆ ಸಾಕಾಗಿದ್ದಿತು.

ಫ್ರಾಂಕಿನ ಆಳ್ವಿಕೆ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಪೇನಿನ ಹಳೆಯ ನಾಣ್ಯಗಳು ವಿರಳವಾಗಿ, ಫ್ರಾನ್ಸಿನ ಐದು ಫ್ರಾಂಕಿನ ಬೆಳ್ಳಿಯ ಬಿಲ್ಲೆಯು ಅವುಗಳ ಸ್ಥಾನಕ್ಕೆ ಬಂದಿತು. ಅದು 25 ಗ್ರಾಮು ತೂಕದ್ದು, ಗಾತ್ರದಲ್ಲಿಯೂ ಹಳೆಯದಕ್ಕೆ ಸಮೀಪವಾದುದು. ಜನರು ಅದನ್ನೂ ಅರಿಯಾರಿಯೆಂದೇ ಕರೆದರು. ಹೀಗೆ ಒಂದು ಅರಿಯಾರಿಗೆ ಐದು ಫ್ರಾಂಕು ಎಂಬ ಸಮೀಕರಣವು ಸಂತೆಯಲ್ಲಿಯೇ ಹುಟ್ಟಿತು. ಈ ಐದರ ಲೆಕ್ಕವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ತೊಡಕೆಲ್ಲ ಇದರಿಂದಲೇ ಹೊರಟುದು.

1895ರ ಸೆಪ್ಟೆಂಬರ್ 30ರಂದು ಫ್ರೆಂಚ್ ಸೈನ್ಯವು ಅಂಟನನರಿವೋ ಪಟ್ಟಣವನ್ನು ಹಿಡಿಯಿತು. 1896ರಲ್ಲಿ ದ್ವೀಪವು ಫ್ರಾನ್ಸಿನ ವಸಾಹತೆಂದು ಸಾರಲ್ಪಟ್ಟಿತು. 1897ರಲ್ಲಿ ಕೊನೆಯ ರಾಣಿಯಾದ ಮೂರನೆಯ ರಾನವಲೂನಳನ್ನು ಪದಚ್ಯುತಗೊಳಿಸಿ ದೇಶದಿಂದ ಹೊರಗೆ ಕಳುಹಿಸಿದರು. ಒಡೆಯದ ನಾಣ್ಯವನ್ನು ಒಪ್ಪಿಸಿಕೊಳ್ಳುವ ಸಿಂಹಾಸನವೇ ಇಲ್ಲವಾಯಿತು. ಕತ್ತರಿಸಿದ ಬೆಳ್ಳಿಗೂ ಮಾನ್ಯತೆಯು ತಪ್ಪಿತು. ಕಂದಾಯವು ಫ್ರಾಂಕಿನಲ್ಲಿ, ಸಂಬಳವು ಫ್ರಾಂಕಿನಲ್ಲಿ, ಕಚೇರಿಯ ಲೆಕ್ಕವೆಲ್ಲವೂ ಫ್ರಾಂಕಿನಲ್ಲಿ ನಡೆಯತೊಡಗಿತು.

ಆದರೆ ಮನೆಯ ಮಾತಿನಲ್ಲಿ ಅರಿಯಾರಿಯು ಹೋಗಲಿಲ್ಲ. ಮಲಗಾಸಿ ಭಾಷೆಯಲ್ಲಿ ಲೆಕ್ಕ ಹಾಕುವವನು ಐದು ಫ್ರಾಂಕಿಗೆ ಒಂದು ಅರಿಯಾರಿಯೆಂದೇ ಎಣಿಸಿದನು. ಒಂದು ಫ್ರಾಂಕಿಗೂ ಅವರಲ್ಲಿ ಸ್ವಂತದ ಹೆಸರೊಂದು ಸಿದ್ಧವಾಗಿದ್ದಿತು: 'ಇರೈಂಬಿಲಂಜ', ಎಂದರೆ ಕಬ್ಬಿಣದ ಒಂದು ಬೊಟ್ಟು. ಅದು ಅರಿಯಾರಿಯ ಐದನೆಯ ಒಂದು ಭಾಗಕ್ಕೆ ಇದ್ದ ಹಳೆಯ ಹೆಸರು. ಹೀಗೆ ಒಬ್ಬನೇ ಮನುಷ್ಯನು ಫ್ರೆಂಚ್ ಮಾತನಾಡುವಾಗ ಫ್ರಾಂಕಿನಲ್ಲಿಯೂ, ತಾಯಿನುಡಿಗೆ ತಿರುಗಿದೊಡನೆ ಅರಿಯಾರಿಯಲ್ಲಿಯೂ ಎಣಿಸುವವನಾದನು. ಕಚೇರಿಯಲ್ಲಿ ಐನೂರು ಎಂದು ಬರೆದುದನ್ನು ಮನೆಗೆ ಬಂದು ನೂರು ಎಂದು ಹೇಳುವನು, ಎರಡೂ ನಿಜವೇ.

ಒಂದು ನಾಣ್ಯಕ್ಕೆ ಎರಡು ಹೆಸರು

1960ರ ಜೂನ್ 26ರಂದು ಮಡಗಾಸ್ಕರವು ಸ್ವತಂತ್ರವಾಯಿತು. ಮರುವರ್ಷವೇ ಹಳೆಯ ನೋಟುಗಳ ಮೇಲೆ ಅರಿಯಾರಿಯ ಮೌಲ್ಯವನ್ನೂ ಅಚ್ಚೊತ್ತಿ ಹೊರಡಿಸಿದರು. 65 ವರ್ಷಗಳ ಕಾಲ ಬರಿಯ ಬಾಯಲ್ಲಿ ಬದುಕಿದ್ದ ಹೆಸರು ಸ್ವತಂತ್ರ ಸರಕಾರದ ಕಾಗದದ ಮೇಲೆ ಬಂದಿತು. ಆದರೆ ಫ್ರಾಂಕನ್ನು ಬಿಡಲಿಲ್ಲ. ಅದು ಮಲಗಾಸಿ ಫ್ರಾಂಕೆಂಬ ಹೆಸರಿನಿಂದ ಮುಂದುವರಿಯಿತು. 1973ರಲ್ಲಿ ದೇಶವು ಫ್ರಾನ್ಸಿನ ಹಣದ ವಲಯದಿಂದ ಹೊರಬಂದು ತನ್ನದೇ ಆದ ಕೇಂದ್ರ ಬ್ಯಾಂಕನ್ನು ಸ್ಥಾಪಿಸಿಕೊಂಡಿತು. ಆಗಲೂ ಫ್ರಾಂಕಿನ ಹೆಸರು ಹೋಗಲಿಲ್ಲ.

ಆ ಕಾಲದ ಬಿಲ್ಲೆಗಳನ್ನು ನೋಡಿದರೆ ನಮಗೆ ನಗುವೂ ಬರುವುದು, ಮರುಕವೂ ಆಗುವುದು. ಒಂದು ಬಿಲ್ಲೆಯ ಮೇಲೆ ಅಂಕಿಯಲ್ಲಿ 10 ಎಂದು ಇದೆ. ಅಕ್ಷರದಲ್ಲಿ 'ಅರಿಯಾರಿ ರುವ' ಎಂದು ಇದೆ. 'ರುವ' ಎಂದರೆ ಹತ್ತಲ್ಲ, ಎರಡು. ಮತ್ತೊಂದರ ಮೇಲೆ ಅಂಕಿಯು 20, ಅಕ್ಷರವು 'ಅರಿಯಾರಿ ಏಫಟ್ರ', ಎಂದರೆ ನಾಲ್ಕು ಅರಿಯಾರಿ. ಅಂಕಿಯು ಫ್ರಾಂಕನ್ನು ಹೇಳುತ್ತದೆ, ಅಕ್ಷರವು ಅರಿಯಾರಿಯನ್ನು ಹೇಳುತ್ತದೆ. ಒಂದು ಫ್ರಾಂಕಿನ ಬಿಲ್ಲೆಯ ಮೇಲೆ ಇರೈಂಬಿಲಂಜದ ಹೆಸರಿದ್ದಿತು. ಎರಡು ಫ್ರಾಂಕಿನ ಬಿಲ್ಲೆಯ ಮೇಲೆ ಹಳೆಯ ಕಿರೂಬಿನ ಹೆಸರೂ ಸೇರಿಕೊಂಡಿದ್ದಿತು. ಶಾಲೆಗೆ ಹೋಗುವ ಹುಡುಗನು ಅಂಕಿಯನ್ನು ನೋಡಿ ಹತ್ತು ಎಂದರೆ, ಅವನ ಅಜ್ಜಿಯು ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಎರಡು ಎಂದರೆ, ಇಬ್ಬರಲ್ಲಿ ಯಾರೂ ತಪ್ಪಿದವರಲ್ಲ.

ಹೆಸರು ಮರಳಿ ಬಂದಾಗ

2003ರ ಜುಲೈ ತಿಂಗಳ ಕೊನೆಯಲ್ಲಿ ಮಾರ್ಕ್ ರವಲೊಮನಾನರು ಅಧ್ಯಕ್ಷರಾಗಿದ್ದಾಗ ಹೊಸ ನೋಟುಗಳು ಬಂದುವು. ಅವುಗಳಲ್ಲಿ ಅರಿಯಾರಿಯ ಅಂಕಿಯು ದೊಡ್ಡದಾಗಿಯೂ ಫ್ರಾಂಕಿನದು ಚಿಕ್ಕದಾಗಿಯೂ ಇದ್ದುವು. 2005ನೆಯ ಇಸವಿ ಜನವರಿ 1ರಿಂದ ಅರಿಯಾರಿಯೊಂದೇ ದೇಶದ ಹಣವೆಂದು ಗೊತ್ತಾಯಿತು. ಐದು ಫ್ರಾಂಕಿಗೆ ಒಂದು ಅರಿಯಾರಿ ಎಂಬ ಹಳೆಯ ಸಮೀಕರಣದ ಪ್ರಕಾರವೇ ಬದಲಾವಣೆಯಾಯಿತು. ಅಜ್ಜಿಯ ಲೆಕ್ಕವೇ ಕಡೆಗೆ ಸರಕಾರದ ಲೆಕ್ಕವಾಯಿತು.

ಇಷ್ಟಾದಮೇಲೆ ಎಲ್ಲವೂ ಸುಗಮವಾಯಿತೆಂದು ವಾಚಕರು ಭಾವಿಸಬಹುದು. ಆದುದು ಬೇರೆ. ನೂರು ವರ್ಷಗಳಿಗಿಂತಲೂ ಹೆಚ್ಚುಕಾಲ ಕಚೇರಿ, ಬ್ಯಾಂಕು, ಅಂಗಡಿಗಳ ಅಂಕಿಗಳೆಲ್ಲ ಫ್ರಾಂಕಿನಲ್ಲಿದ್ದುದರಿಂದ, ಜನರ ನಾಲಗೆಯು ಮೆಲ್ಲಮೆಲ್ಲನೆ ಆ ಕಡೆಗೆ ಒಲಿದುಬಿಟ್ಟಿದ್ದಿತು. ಕಾನೂನು ಫ್ರಾಂಕೆಂದು ಹೇಳುತ್ತಿದ್ದಾಗ ಅರಿಯಾರಿಯೆನ್ನುತ್ತಿದ್ದ ನಾಡಿನಲ್ಲಿ, ಕಾನೂನು ಅರಿಯಾರಿಯೆಂದು ಹೇಳತೊಡಗಿದಮೇಲೆ ಬಹು ಮಂದಿ ಫ್ರಾಂಕೆನ್ನತೊಡಗಿದರು! ಬದಲಾವಣೆಯಾಗಿ ಅನೇಕ ವರ್ಷಗಳು ಕಳೆದಮೇಲೆಯೂ, ಅದರಲ್ಲಿಯೂ ವಯಸ್ಸಾದವರು, ಅದರಲ್ಲಿಯೂ ನೆಲ, ಮನೆ, ಮದುವೆಗಳಂಥ ದೊಡ್ಡ ಮೊತ್ತದ ಮಾತು ಬಂದಾಗ, ಇಲ್ಲದ ಫ್ರಾಂಕಿನಲ್ಲಿಯೇ ಬೆಲೆಯನ್ನು ಹೇಳುವರು. ಆದುದರಿಂದ ಬೆಲೆಯನ್ನು ಕೇಳಿದವನು ಅದರ ಹಿಂದೆಯೇ, ಅರಿಯಾರಿಯೋ ಫ್ರಾಂಕೋ ಎಂದು ಇನ್ನೊಂದು ಪ್ರಶ್ನೆಯನ್ನು ಕೇಳುವುದು ಅಲ್ಲಿ ರೂಢಿಯಾಯಿತು.

ಈ ಪ್ರಶ್ನೆಯು ಹುಡುಗಾಟದ್ದಲ್ಲ. ಕೇಳದೆ ಇದ್ದರೆ ಆಗುವ ನಷ್ಟವು ಒಂದಕ್ಕೆ ಐದರಷ್ಟು. ಹೊಸ ನೋಟುಗಳು ಬಂದ ಕಾಲದಲ್ಲಿ ಹಳೆಯ 5,000 ಫ್ರಾಂಕಿನ ನೋಟೂ ಹೊಸ 5,000 ಅರಿಯಾರಿಯ ನೋಟೂ ಒಟ್ಟಿಗೆ ಓಡಾಡುತ್ತಿದ್ದುವು. ಎರಡರ ಮೇಲೆಯೂ ಅಂಕಿಯು ಒಂದೇ; ಆದರೆ ಮೊದಲನೆಯದಕ್ಕೆ ಎರಡನೆಯದರ ಐದನೆಯ ಒಂದು ಭಾಗದ ಬೆಲೆ. ಓದುಬಾರದ ಹಳ್ಳಿಯ ಹೆಂಗಸು ಬುಟ್ಟಿಯಲ್ಲಿ ಅಕ್ಕಿಯನ್ನು ಹೊತ್ತು ತಂದು ಸಂಜೆಯ ಮಬ್ಬಿನಲ್ಲಿ ಮಾರಿ ನೋಟನ್ನು ಸೆರಗಿಗೆ ಕಟ್ಟಿಕೊಳ್ಳುವಾಗ, ಅಂಕಿಯೊಂದನ್ನೇ ನಂಬಿದರೆ ಅವಳ ಗತಿಯೇನು? ತಪ್ಪು ತಿಳಿದವಳ ಐದು ದಿನದ ದುಡಿಮೆಯು ಒಂದು ದಿನದ್ದಾಗಿ ಹೋಗುವುದು. ಇದರ ಮೇಲೆ 2004ರ ಮೊದಲ ತಿಂಗಳುಗಳಲ್ಲಿ ಹೊರದೇಶದ ಹಣದ ಎದುರಿಗೆ ಅರಿಯಾರಿಯ ಮೌಲ್ಯವು ಬಹಳವಾಗಿ ಇಳಿದು ಅಕ್ಕಿಯ ಬೆಲೆಯೂ ಏರಿತು. ಹೆಸರು ಬದಲಾಗುತ್ತಿರುವಾಗಲೇ ಬೆಲೆಯೂ ಬದಲಾದರೆ, ಯಾವುದರಿಂದ ಎಷ್ಟು ಹೆಚ್ಚಾಯಿತೆಂದು ಬಡವರ ಮನೆಯಲ್ಲಿ ಲೆಕ್ಕ ಹಾಕುವುದು ಎಷ್ಟು ಕಷ್ಟವೆಂಬುದನ್ನು ಮನೆ ನಡೆಯಿಸುವವರು ಊಹಿಸಬಲ್ಲರು.

ಇಂದು ಉಳಿದುದು

ಒಂದು ಇಡಿಯ ಬೆಳ್ಳಿಯ ಬಿಲ್ಲೆಯಾಗಿದ್ದ ಅರಿಯಾರಿಯು ಇಂದು ಅತಿ ಸಣ್ಣ ಹಣವಾಗಿದೆ. 2024ರಲ್ಲಿ ಒಂದು ಅಮೇರಿಕನ್ ಡಾಲರಿಗೆ ಸುಮಾರು 4,500 ಅರಿಯಾರಿಗಳಾಗುತ್ತಿದ್ದುವು. ನಮ್ಮ ಒಂದು ರೂಪಾಯಿಗೆ ಐವತ್ತಕ್ಕಿಂತ ಹೆಚ್ಚು. 2017ರಲ್ಲಿ 20,000 ಅರಿಯಾರಿಯ ನೋಟನ್ನು ಹೊರಡಿಸಿದರು. ಕಾನೂನಿನ ಪ್ರಕಾರ ಇಂದಿಗೂ ಒಂದು ಅರಿಯಾರಿಗೆ ಐದು ಇರೈಂಬಿಲಂಜಗಳು. ಆದರೆ ಆ ಐದನೆಯ ಒಂದು ಭಾಗಕ್ಕೆ ಕೊಳ್ಳುವ ಪದಾರ್ಥವೇ ಇಲ್ಲದುದರಿಂದ, ಕಬ್ಬಿಣದ ಬೊಟ್ಟು ಕಾನೂನಿನ ಮಾತಿನಲ್ಲಿ ಮಾತ್ರ ಉಳಿದಿದೆ.

ಲೋಕದ ದೇಶಗಳೆಲ್ಲ ಹಣವನ್ನು ನೂರು ಅಥವಾ ಸಾವಿರ ಭಾಗಗಳಾಗಿ ಹಂಚಿಕೊಂಡಿರುವ ಈ ಕಾಲದಲ್ಲಿ ಐದರ ಲೆಕ್ಕವನ್ನು ಇಟ್ಟುಕೊಂಡಿರುವ ದೇಶಗಳು ಎರಡೇ. ಒಂದು ಮಡಗಾಸ್ಕರ, ಇನ್ನೊಂದು ಪಶ್ಚಿಮ ಆಫ್ರಿಕದ ಮಾರಿಟಾನಿಯ. ಮಾರಿಟಾನಿಯದ ಊಗಿಯವೆಂಬ ಹಣಕ್ಕೆ ಐದು ಖೂಮ್‌ಗಳು. ಆ ಮಾತಿಗೆ ಅರಬ್ಬಿಯಲ್ಲಿ ಐದನೆಯ ಒಂದು ಭಾಗವೆಂದೇ ಅರ್ಥ.

ಇಷ್ಟನ್ನು ಓದಿ, ಮಲಗಾಸಿ ಜನರು ಲೆಕ್ಕದಲ್ಲಿ ದಡ್ಡರೆಂದು ಯಾರಾದರೂ ನಕ್ಕರೆ, ಅಂಥವರು ಮೊದಲು ತಮ್ಮ ಮಾತನ್ನು ತಾವು ಕೇಳಿಕೊಳ್ಳಬೇಕು. ನಾವು ದಿನವೂ ಹಣವೆನ್ನುತ್ತೇವೆ. ಹಣವೆಂಬುದು ನಮ್ಮ ಅರಸರ ಕಾಲದ ಒಂದು ಸಣ್ಣ ಚಿನ್ನದ ನಾಣ್ಯ, ಹತ್ತು ಹಣಕ್ಕೆ ಒಂದು ವರಹ. ದುಡ್ಡೆನ್ನುತ್ತೇವೆ; ಅದು ತಾಮ್ರದ ಒಂದು ಬಿಲ್ಲೆ. ಕಾಸಿಗೆ ತಕ್ಕ ಕಜ್ಜಾಯವೆನ್ನುತ್ತೇವೆ. ಕಾಸನ್ನು ಕಣ್ಣಿನಿಂದ ಕಂಡವರು ನಮ್ಮಲ್ಲಿ ಎಷ್ಟು ಮಂದಿ? ವಿಜಯನಗರವೂ ಹೋಯಿತು, ಮೈಸೂರಿನ ಅರಸರ ಟಂಕಸಾಲೆಯೂ ಹೋಯಿತು, ಆಣೆಯೂ ಹೋಯಿತು. ಆದರೂ ಹೋದ ನಾಣ್ಯಗಳೆಲ್ಲ ನಮ್ಮ ಮಾತಿನಲ್ಲಿ ಇನ್ನೂ ಚಲಾವಣೆಯಲ್ಲಿವೆ.

ಮಡಗಾಸ್ಕರದವರ ಕಥೆಯಿಂದ ಗೃಹಸ್ಥರು ತಿಳಿಯತಕ್ಕ ಮಾತುಗಳು ಎರಡು ಎಂದು ನಮಗೆ ತೋರುತ್ತದೆ. ಒಂದು, ವ್ಯವಹಾರದಲ್ಲಿ ಹೆಸರನ್ನು ಸ್ಪಷ್ಟವಾಗಿ ಹೇಳಿ, ಸ್ಪಷ್ಟವಾಗಿ ಕೇಳಿ ಕೊಡಬೇಕು, ಕೊಳ್ಳಬೇಕು. ಅಂಕಿಯು ಒಂದೇ ಆಗಿರುವುದರಿಂದ ಬೆಲೆಯು ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಎರಡು, ಹಳೆಯ ಲೆಕ್ಕವನ್ನು ಬಿಡದವರನ್ನು ಕಂಡು ನಗಬಾರದು. ರಾಜ್ಯವನ್ನು ಕಳೆದುಕೊಂಡ ಜನರು ಅರವತ್ತೈದು ವರ್ಷಗಳ ಕಾಲ ತಮ್ಮ ನಾಣ್ಯದ ಹೆಸರನ್ನು ಯಾವ ಖಜಾನೆಯಲ್ಲಿಯೂ ಇಡಲಿಲ್ಲ. ಮನೆಯ ಮಾತಿನಲ್ಲಿ ಇಟ್ಟುಕೊಂಡಿದ್ದರು. ಸ್ವಾತಂತ್ರ್ಯವು ಬಂದ ದಿನ ಅದನ್ನು ಅಲ್ಲಿಂದಲೇ ತೆಗೆದು ಕೊಟ್ಟರು. ನಮ್ಮ ಮನೆಯ ಹಿರಿಯರು ನಾಲ್ಕಾಣೆಯ ಮಾತನ್ನು ಆಡಿದಾಗ, ಅದು ಎಷ್ಟು ಪೈಸೆಯೆಂದು ಮಕ್ಕಳಿಗೆ ಹೇಳಿಕೊಡೋಣ. ಆದರೆ ಹಿರಿಯರನ್ನು ತಿದ್ದುವುದು ಬೇಡ.